ಮಗು ಬಿಟ್ಟಮೇಲೂ ಉಕ್ಕುವ ಹಾಲು

ಪ್ರಶ್ನೆ: ಮಾನ್ಯ ಡಾಕ್ಟರರಿಗೆ ನಮಸ್ಕಾರಗಳು. ನಮ್ಮ ಮನೆ ಪೆರ್ಲದ ಹತ್ತಿರ. ನಾನು ಕುಂಬಳೆಯ ಕಡೆಗೆ ಕೆಲಸಕ್ಕೆ ಹೋಗುತ್ತೇನೆ. ಮಗನಿಗೆ ಈಗ 14 ತಿಂಗಳು. ಹಗಲು ಅವನು ಅತ್ತೆಯವರ ಬಳಿ ಇರುತ್ತಾನೆ. ನಾನು ಕೆಲಸದ ನಡುವೆ ಎರಡು ಸಲ ಪಂಪಿನಿಂದ ಹಾಲು ತೆಗೆದಿಡುತ್ತೇನೆ. ಬೆಳಗ್ಗೆ, ಸಂಜೆ, ಮಲಗುವಾಗ ಮತ್ತು ನಡುರಾತ್ರಿ ಒಮ್ಮೆ ಅವನೇ ಕುಡಿಯುತ್ತಾನೆ. ಎರಡು ತಿಂಗಳ ಬಳಿಕ ನನಗೆ ಕಣ್ಣೂರಿನಲ್ಲಿ ಹದಿನೈದು ದಿನಗಳ ತರಬೇತಿ ಇರುವುದರಿಂದ ಹಾಲು ಬಿಡಿಸೋಣವೆಂದು ಕಳೆದ ವಾರ ಒಮ್ಮೆಲೇ ನಿಲ್ಲಿಸಿದೆ. ಎರಡನೆಯ ದಿನಕ್ಕೆ ಎದೆ ಕಲ್ಲಿನಂತಾಯಿತು, ಮೈ ಬಿಸಿಯಾಯಿತು. ತಾಳಲಾರದೆ ಪಂಪಿನಿಂದ ಪೂರ್ತಿ ತೆಗೆದರೆ ಮರುದಿನ ಮತ್ತಷ್ಟು ತುಂಬಿತು. ಈಗ ಪುನಃ ಮೊದಲಿನಂತೆಯೇ ಕುಡಿಸುತ್ತಿದ್ದೇನೆ. ಬಟ್ಟೆ ಬಿಗಿದು ಕಟ್ಟಿ ಮಲ್ಲಿಗೆ ಇಟ್ಟರೆ ಹಾಲು ಬತ್ತುತ್ತದೆ ಎಂದು ಅತ್ತೆಯವರು, ಚೆನ್ನಿನಾಯಕ ಹಚ್ಚಿದರೆ ಮಗು ತಾನೇ ಬಿಡುತ್ತದೆ ಎಂದು ನೆರೆಮನೆಯ ಅಕ್ಕ, ಎರಡು ಮಾತ್ರೆ ಸಾಕು ಎಂದು ಪರಿಚಯದ ಮೆಡಿಕಲ್ ಶಾಪಿನವರು ಹೇಳುತ್ತಾರೆ. ಯಾವುದು ಸರಿ? ಫ್ರೀಜರಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಪೊಟ್ಟಣ ಹಾಲು ಇದೆ. ಅದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ.
– ಹೆಸರು ಬೇಡ, ಪೆರ್ಲ

ಉತ್ತರ: ತಂಗಿ, ಮೊದಲು ಜ್ವರದ ಮಾತು. ಎದೆ ಬಿಗಿದಾಗ ಮೈ ತುಸು ಬಿಸಿಯಾಗುವುದುಂಟು. ಹಾಲು ಸ್ವಲ್ಪ ಇಳಿದ ಕೂಡಲೇ ಅದೂ ಇಳಿಯುತ್ತದೆ. ಆದರೆ ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಚಳಿ ನಡುಕ ಮತ್ತು ಮೈಕೈ ನೋವು ಜೊತೆಯಾದರೆ, ಒಂದು ಎದೆಯ ಒಂದು ಭಾಗ ಮಾತ್ರ ಕೆಂಪಾಗಿ ಮುಟ್ಟಲಾಗದಷ್ಟು ನೋಯುತ್ತಿದ್ದರೆ, ಅದು ಬರಿಯ ಬಿಗಿತವಲ್ಲ, ವೈದ್ಯರು ಮ್ಯಾಸ್ಟೈಟಿಸ್ ಎಂದು ಕರೆಯುವ ಎದೆಬಾವು ಆಗಿರಬಹುದು. ಹಾಗಾದಾಗ ಒಂದು ದಿನಕ್ಕಿಂತ ಹೆಚ್ಚು ಕಾಯದೆ ಆಸ್ಪತ್ರೆಗೆ ಹೋಗಬೇಕು. ಆ ಸ್ಥಿತಿಯಲ್ಲಿ ಮಗುವಿಗೆ ಕುಡಿಸುವುದನ್ನು ಹಠಾತ್ತಾಗಿ ನಿಲ್ಲಿಸಬಾರದು. ನಿಂತ ಹಾಲಿನಲ್ಲಿ ಸೋಂಕು ಬಲಿತು ಕೀವುಗಡ್ಡೆಯಾದರೆ ಸೂಜಿಯಿಂದಲೋ ಸಣ್ಣ ಶಸ್ತ್ರಚಿಕಿತ್ಸೆಯಿಂದಲೋ ಕೀವು ತೆಗೆಯಬೇಕಾಗುತ್ತದೆ. ಬಾವು ಬಂದ ಎದೆಯ ಹಾಲನ್ನು ಕುಡಿದರೆ ಮಗುವಿಗೆ ತೊಂದರೆಯಿಲ್ಲ. ನೀವು ಮತ್ತೆ ಕುಡಿಸಲು ಆರಂಭಿಸಿದ್ದು ಸೋಲಲ್ಲ, ಆ ಹೊತ್ತಿಗೆ ಮಾಡಬೇಕಾಗಿದ್ದ ಸರಿಯಾದ ಕೆಲಸ.

ನಿಮಗಾದ ತೊಂದರೆಯ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಹೆರಿಗೆಯಾದ ಮೊದಲ ದಿನಗಳಲ್ಲಿ ಹಾಲಿನ ಪ್ರಮಾಣವನ್ನು ನಿರ್ಧರಿಸುವುದು ಮುಖ್ಯವಾಗಿ ರಕ್ತದಲ್ಲಿನ ಹಾರ್ಮೋನುಗಳು. ಆದರೆ ಕೆಲವು ವಾರ ಕಳೆದ ಬಳಿಕ ಲೆಕ್ಕವೆಲ್ಲ ಎದೆಯ ಒಳಗೇ ನಡೆಯುತ್ತದೆ. ಎಷ್ಟು ಹಾಲು ಹೊರಹೋಯಿತೋ ಅಷ್ಟನ್ನು ಮತ್ತೆ ತುಂಬಿಸುವುದು ಅದರ ಕ್ರಮ. ಹಾಲು ಒಳಗೇ ನಿಂತರೆ ಇನ್ನು ಸಾಕು ಎಂಬ ಸೂಚನೆ ಗ್ರಂಥಿಗಳಿಗೆ ತಲುಪಿ, ತಯಾರಿಕೆ ನಿಧಾನವಾಗುತ್ತದೆ. ನಮ್ಮ ಕಡೆ ಹಟ್ಟಿಯಲ್ಲಿ ಹಸು ಇರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಬ್ಬದ ಹಸುವಿನ ಹಾಲು ಬತ್ತಿಸುವಾಗ ಅದನ್ನು ಎರಡು ಹೊತ್ತೂ ಪೂರ್ತಿ ಕರೆಯುತ್ತಾ ಹೋದರೆ ಬತ್ತುವುದೇ ಇಲ್ಲ ಎಂಬುದು ಅವರಿಗೆ ಗೊತ್ತು. ನೀವು ಪಂಪಿನಿಂದ ಪೂರ್ತಿ ತೆಗೆದ ದಿನ ನಿಮ್ಮ ಎದೆಗೆ ತಲುಪಿದ ಸೂಚನೆಯೂ ಅದೇ, ಇನ್ನಷ್ಟು ಬೇಕು ಎಂದು. ಒಮ್ಮೆಲೇ ನಿಲ್ಲಿಸಿದಾಗ ಕಟ್ಟುತ್ತದೆ, ಪೂರ್ತಿ ತೆಗೆದರೆ ಉಕ್ಕುತ್ತದೆ. ಇವೆರಡರ ನಡುವಿನ ದಾರಿಯೆಂದರೆ ನೋವು ಇಳಿಯುವಷ್ಟು ಮಾತ್ರ ತೆಗೆದು, ಉಳಿದದ್ದನ್ನು ಒಳಗೇ ಬಿಡುವುದು. ಹಾಲು ಬಿಡಿಸುವ ತಾಯಂದಿರಿಗೆ ನಾನು ಎಲ್ಲಕ್ಕಿಂತ ಒತ್ತಿ ಹೇಳುವ ಮಾತು ಇದೊಂದೇ.

ನಿಮಗೆ ಎರಡು ತಿಂಗಳ ಕಾಲಾವಕಾಶ ಇರುವುದು ದೊಡ್ಡ ಅನುಕೂಲ. ದಿನಕ್ಕೆ ಆರು ಸಲ ಹಾಲು ಹೊರಹೋಗುತ್ತಿದೆ ಎಂದಾಯಿತು. ಮೊದಲು ಕೆಲಸದ ನಡುವಿನ ಎರಡು ಸಲದ ಪೈಕಿ ಒಂದನ್ನು ಹಿಡಿದುಕೊಳ್ಳಿ. ಇಂದು 100 ಮಿಲಿಲೀಟರ್ ತೆಗೆಯುತ್ತಿದ್ದರೆ ಎರಡು ದಿನ ಬಿಟ್ಟು 70, ಮತ್ತೆರಡು ದಿನ ಬಿಟ್ಟು 40, ಆಮೇಲೆ ಇಲ್ಲ. ಎದೆ ಆ ಬದಲಾವಣೆಗೆ ಒಗ್ಗಿಕೊಳ್ಳುವ ತನಕ, ಅಂದರೆ ಸಾಮಾನ್ಯವಾಗಿ ಐದಾರು ದಿನಗಳಿಂದ ಒಂದು ವಾರದವರೆಗೆ, ಬೇರೆ ಯಾವುದನ್ನೂ ಮುಟ್ಟಬೇಡಿ. ಆಮೇಲೆ ಎರಡನೆಯ ಪಂಪು, ಬಳಿಕ ಬೆಳಗಿನದು, ಅದರ ಬಳಿಕ ನಡುರಾತ್ರಿಯದು, ಮತ್ತೆ ಸಂಜೆಯದು. ಒಂದರ ಪಕ್ಕದ ಇನ್ನೊಂದು ಹೊತ್ತನ್ನು ಒಟ್ಟಿಗೆ ಬಿಡಿಸಬಾರದು, ನಡುವಿನ ಅಂತರ ಬಹಳ ಉದ್ದವಾದರೆ ಎದೆ ಕಟ್ಟುತ್ತದೆ. ಮಗು ಹೆಚ್ಚು ಹಚ್ಚಿಕೊಂಡಿರುವುದು ಮಲಗುವಾಗಿನ ಹಾಲನ್ನು; ಅದು ಕೊನೆಗೇ ಇರಲಿ. ಆ ಹೊತ್ತಿಗೆ ನೀವು ಬೇರೆ ಕೋಣೆಯಲ್ಲಿದ್ದು, ಅವನ ಅಪ್ಪನೋ ಅಜ್ಜಿಯೋ ಎತ್ತಿಕೊಂಡು ಜೋಗುಳ ಹಾಡಿ ಮಲಗಿಸುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿಸಿದರೆ, ನೀವು ಕಣ್ಣೂರಿಗೆ ಹೊರಡುವ ದಿನ ಅವನಿಗೆ ಎರಡೆರಡು ಅಗಲಿಕೆಗಳು ಒಟ್ಟಿಗೆ ಬಂದಂತಾಗುವುದಿಲ್ಲ. ನಡುವೆ ಮಗುವಿಗೆ ಜ್ವರವೋ ಹಲ್ಲು ಬರುವ ನೋವೋ ಕಾಣಿಸಿಕೊಂಡರೆ ಆ ವಾರ ನಿಂತಲ್ಲೇ ನಿಲ್ಲಿ.

ಎದೆ ಬಿಗಿದು ನೋಯುವಾಗ ಪಂಪನ್ನು ಬದಿಗಿಟ್ಟು ಕೈಯನ್ನೇ ಬಳಸಿ. ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಹಿಂದೆ ಇಟ್ಟು, ಎದೆಗೂಡಿನ ಕಡೆಗೆ ಮೆಲ್ಲಗೆ ಒತ್ತಿ, ಒಂದೆರಡು ನಿಮಿಷ ಹಿಂಡಿ, ಬಿಗಿತ ಸಡಿಲವಾದ ಕೂಡಲೇ ನಿಲ್ಲಿಸಿಬಿಡಿ. ಅನಂತರ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಿ. ನಮ್ಮ ಮನೆಗಳಲ್ಲಿ ಬಾಣಂತಿ ಸ್ನಾನದ ಅಭ್ಯಾಸ ಉಳಿದು, ಹಾಲು ಕಟ್ಟಿದರೆ ಹಂಡೆಯ ಬಿಸಿನೀರನ್ನು ಎದೆಗೆ ಎರೆಯುವವರಿದ್ದಾರೆ. ಬಿಸಿ ತಾಗಿದರೆ ಹಾಲು ಇಳಿದು ಆ ಕ್ಷಣಕ್ಕೆ ಹಾಯೆನಿಸುತ್ತದೆ ನಿಜ, ಆದರೆ ಬಿಡಿಸುವ ಕಾಲದಲ್ಲಿ ಬೇಕಾದದ್ದು ತಂಪು. ಗಡ್ಡೆಯಂತೆ ಕೈಗೆ ಸಿಗುವ ಜಾಗವನ್ನು ಬಲವಾಗಿ ಉಜ್ಜುವುದು, ಎಣ್ಣೆ ಹಚ್ಚಿ ತಿಕ್ಕುವುದು ಕೂಡದು. ಮೊದಲೇ ಬಾತುಕೊಂಡ ಅಂಗಾಂಶಕ್ಕೆ ಅದರಿಂದ ಇನ್ನಷ್ಟು ಗಾಯವಾಗುತ್ತದೆ. ನೋವಿಗೆ ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇಲ್ಲದವರು ಊಟದ ಬಳಿಕ ಐಬುಪ್ರೊಫೇನ್ ತೆಗೆದುಕೊಂಡರೆ ಬಾವೂ ತಗ್ಗುತ್ತದೆ. ಹಾಲು ಬತ್ತಲೆಂದು ನೀರು ಕುಡಿಯುವುದನ್ನು ಬಿಡುವವರನ್ನು ಕಂಡಿದ್ದೇನೆ. ಅದರಿಂದ ಹಾಲು ಕಡಿಮೆಯಾಗುವುದಿಲ್ಲ; ನಮ್ಮ ಕರಾವಳಿಯ ಸೆಕೆಯಲ್ಲಿ ತಲೆಸುತ್ತು, ಉರಿಮೂತ್ರ ಮಾತ್ರ ಬರುತ್ತದೆ.

ಇನ್ನು ನಿಮ್ಮ ಮನೆಯವರೂ ನೆರೆಯವರೂ ಹೇಳಿದ ಉಪಾಯಗಳು. ಬಟ್ಟೆ ಬಿಗಿದು ಕಟ್ಟುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಒತ್ತಡ ಬಿದ್ದ ಕಡೆ ಹಾಲಿನ ಹರಿವು ತಡೆದು ಬಾವು ಬರುವ ಸಂಭವ ಹೆಚ್ಚು, ನೋವಂತೂ ಇಮ್ಮಡಿಯಾಗುತ್ತದೆ. ಎದೆಯನ್ನು ಎತ್ತಿ ಹಿಡಿಯುವ, ಆದರೆ ಎಲ್ಲಿಯೂ ಗೀರು ಮೂಡಿಸದ, ತಂತಿಯಿಲ್ಲದ ಹತ್ತಿಯ ಬ್ರಾ ಸಾಕು, ರಾತ್ರಿಯೂ ಧರಿಸಬಹುದು.

ಮಲ್ಲಿಗೆಯ ವಿಚಾರದಲ್ಲಿ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ದಕ್ಷಿಣ ಭಾರತದಲ್ಲೆಲ್ಲ ಹಳೆಯ ಕಾಲದಿಂದ ಇರುವ ಈ ಪದ್ಧತಿಯನ್ನು ವೆಲ್ಲೂರಿನ ವೈದ್ಯರು ಪರೀಕ್ಷಿಸಿ 1988ರಲ್ಲಿ ವರದಿ ಪ್ರಕಟಿಸಿದ್ದಾರೆ. ಹೆರಿಗೆಯಾದ ಬಳಿಕ ಹಾಲು ನಿಲ್ಲಿಸಬೇಕಾಗಿ ಬಂದ ತಾಯಂದಿರಲ್ಲಿ ಕೆಲವರ ಎದೆಗೆ ಮಲ್ಲಿಗೆಯ ದಂಡೆಯನ್ನು ಅಂಟಿಸಿ, ಇನ್ನು ಕೆಲವರಿಗೆ ಬ್ರೊಮೊಕ್ರಿಪ್ಟಿನ್ ಮಾತ್ರೆ ಕೊಟ್ಟು ಹೋಲಿಸಿದಾಗ, ಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಇಳಿಯುವುದರಲ್ಲಿ ಮಾತ್ರೆಯೇ ಮುಂದಿದ್ದರೂ ಎದೆಯ ಬಿಗಿತ ಮತ್ತು ಹಾಲು ತಗ್ಗುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿದ್ದವು. ಅಧ್ಯಯನ ಚಿಕ್ಕದು, ನಿಮ್ಮಂತೆ ವರ್ಷ ದಾಟಿದ ಮಗುವಿನ ತಾಯಂದಿರ ಮೇಲೆ ನಡೆದದ್ದೂ ಅಲ್ಲ. ಆದರೂ ಮಲ್ಲಿಗೆಯಿಂದ ಹಾನಿಯಿಲ್ಲ. ಔಷಧಿ ಸಿಂಪಡಿಸಿದ ಅಂಗಡಿಯ ಹೂವಿಗಿಂತ ಮನೆಯಂಗಳದ ಗಿಡದ ಹೂವಾದರೆ ಒಳ್ಳೆಯದು. ಅದನ್ನು ಬ್ರಾದೊಳಗೆ ಹಗುರವಾಗಿ ಇಟ್ಟುಕೊಂಡು, ಬಾಡಿದಾಗ ಬದಲಿಸಿ, ಮಗುವಿಗೆ ಕುಡಿಸುವ ಮುನ್ನ ಎದೆಯನ್ನು ತೊಳೆದುಕೊಂಡರಾಯಿತು. ಕ್ಯಾಬೇಜ್ ಎಲೆಯನ್ನು ಫ್ರಿಜ್ಜಿನಲ್ಲಿಟ್ಟು ಬಳಸುವವರೂ ಇದ್ದಾರೆ, ಅದರ ತಂಪು ಹಿತವೆನಿಸುತ್ತದೆ.

ಚೆನ್ನಿನಾಯಕ ಮಾತ್ರ ಬೇಡವೇ ಬೇಡ. ಗ್ರಂದಿಗೆ ಅಂಗಡಿಯಲ್ಲಿ ಕರಿಬೋಳ ಎಂದು ಕೇಳಿದರೂ ಸಿಗುವುದು ಅದೇ, ಲೋಳೆಸರದ ಎಲೆಯಿಂದ ಇಳಿಯುವ ಕಹಿ ರಸವನ್ನು ಗಟ್ಟಿ ಮಾಡಿದ್ದು. ದೊಡ್ಡವರಿಗೇ ಅದು ಬಲವಾದ ಭೇದಿ ಔಷಧಿ. ತೊಟ್ಟಿಗೆ ಹಚ್ಚಿದ್ದನ್ನು ಚೀಪಿದ ಮಗುವಿಗೆ ಹೊಟ್ಟೆನೋವು, ಭೇದಿ ಆಗಬಹುದು. ಅದಕ್ಕಿಂತಲೂ ನನಗೆ ನೋವೆನಿಸುವುದು ಬೇರೆ. ಹುಟ್ಟಿದಂದಿನಿಂದ ತನಗೆ ಸಮಾಧಾನ ಕೊಟ್ಟ ಎದೆ ಒಂದು ಸಂಜೆ ಏಕಾಏಕಿ ಕಹಿಯಾಗುವುದನ್ನು ಮಗು ಹೇಗೆ ಅರ್ಥಮಾಡಿಕೊಳ್ಳಬೇಕು? ಹೆದರಿ ಒಮ್ಮೆಲೇ ಬಿಟ್ಟ ಮಗುವಿನ ತಾಯಿಗೆ ಹಾಲು ಕಟ್ಟಿ, ನೀವು ಕಳೆದ ವಾರ ಅನುಭವಿಸಿದ್ದೇ ಮರುಕಳಿಸುತ್ತದೆ.

ಮಾತ್ರೆಯ ಬಗ್ಗೆ ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಬ್ರೊಮೊಕ್ರಿಪ್ಟಿನ್ ಸೇವಿಸಿದ ಕೆಲವು ಬಾಣಂತಿಯರಲ್ಲಿ ರಕ್ತದೊತ್ತಡ ಏರಿಕೆ, ಫಿಟ್ಸ್, ಪಾರ್ಶ್ವವಾಯು, ಹೃದಯಾಘಾತ ವರದಿಯಾದ ಕಾರಣ, ಹಾಲು ನಿಲ್ಲಿಸಲು ಅದನ್ನು ಬಳಸಲು ನೀಡಿದ್ದ ಒಪ್ಪಿಗೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1990ರ ದಶಕದ ಮಧ್ಯದಲ್ಲಿಯೇ ಹಿಂತೆಗೆದುಕೊಂಡಿತು. ಈಗ ವೈದ್ಯರು ಬರೆಯುವುದು ಹೆಚ್ಚಾಗಿ ಕ್ಯಾಬರ್ಗೊಲಿನ್. ಮಗುವನ್ನು ಕಳೆದುಕೊಂಡ ತಾಯಿಗೆ, ಅಥವಾ ಕಾಯಿಲೆಯ ಕಾರಣದಿಂದ ಹಾಲೂಡಿಸಲೇಬಾರದ ತಾಯಿಗೆ ಅದು ನಿಜಕ್ಕೂ ಉಪಕಾರಿ. ಆದರೆ ಅದನ್ನು ಕೊಡುವ ಮುನ್ನ ರಕ್ತದೊತ್ತಡ, ಹೃದಯದ ಸ್ಥಿತಿ, ಮಾನಸಿಕ ಕಾಯಿಲೆಯ ಇತಿಹಾಸ ಇವನ್ನೆಲ್ಲ ಕೇಳಿ ನೋಡಬೇಕು. ವೈದ್ಯರ ಚೀಟಿಯಿಲ್ಲದೆ ಕೌಂಟರಿನಿಂದ ಕೈಗೆ ದಾಟುವ ಎರಡು ಮಾತ್ರೆಯಲ್ಲಿ ಈ ಯಾವ ಎಚ್ಚರವೂ ಇರುವುದಿಲ್ಲ. ಎರಡು ತಿಂಗಳು ಕೈಯಲ್ಲಿರುವ ನಿಮಗೆ ಅದರ ಅಗತ್ಯವೂ ಇಲ್ಲ.

ಫ್ರೀಜರಿನ ಹಾಲಿಗೆ ಬರೋಣ. ಅದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ ಎಂದು ನೀವು ಬರೆದ ಸಾಲಿನಲ್ಲಿ ಕೆಲಸದ ನಡುವೆ ಯಾವುದೋ ಮೂಲೆ ಹುಡುಕಿ ಕುಳಿತ ಅಷ್ಟೂ ಮಧ್ಯಾಹ್ನಗಳು ನನಗೆ ಕಂಡವು. ಚೆಲ್ಲಬೇಕಾಗಿಲ್ಲ. ಬೇರೆಯೇ ಬಾಗಿಲಿರುವ, ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಫ್ರೀಜರಿನಲ್ಲಿಟ್ಟ ಹಾಲು ಆರು ತಿಂಗಳವರೆಗೆ ಉತ್ತಮವಾಗಿಯೂ ಒಂದು ವರ್ಷದವರೆಗೆ ಬಳಸಬಹುದಾದಂತೆಯೂ ಇರುತ್ತದೆ. ಆದರೆ ಒಂದೇ ಬಾಗಿಲಿನ ಫ್ರಿಜ್ಜಿನ ಒಳಗೆ ಮೇಲ್ಗಡೆ ಇರುವ ಚಿಕ್ಕ ಐಸ್ ಪೆಟ್ಟಿಗೆಯಾದರೆ ಎರಡು ವಾರಕ್ಕಿಂತ ಹೆಚ್ಚು ನಂಬಬೇಡಿ. ಮೊದಲು ನಿಮ್ಮ ಮನೆಯಲ್ಲಿರುವುದು ಯಾವುದೆಂದು ನೋಡಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಇಡೀ ದಿನ ಕರೆಂಟು ಇಲ್ಲದಿರುವುದುಂಟು. ಕರೆಂಟು ಬಂದ ಮೇಲೆ ಪೊಟ್ಟಣ ಮುಟ್ಟಿ ನೋಡಿ. ಒಳಗೆ ಮಂಜಿನ ಹರಳು ಇನ್ನೂ ಇದ್ದರೆ ಮತ್ತೆ ಗಟ್ಟಿಯಾಗಲು ಬಿಡಬಹುದು, ಪೂರ್ತಿ ನೀರಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸಬಾರದು.

ಹಳೆಯ ತಾರೀಕಿನ ಪೊಟ್ಟಣದಿಂದ ಆರಂಭಿಸಿ, ದಿನಕ್ಕೊಂದರಂತೆ, ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿಟ್ಟರೆ ಬೆಳಗ್ಗೆ ಕರಗಿರುತ್ತದೆ. ಕರಗಿದ ಹಾಲನ್ನು ಫ್ರಿಜ್ಜಿನಲ್ಲಿಯೇ ಇಟ್ಟು 24 ಗಂಟೆಗಳೊಳಗೆ ಮುಗಿಸಬೇಕು. ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಪೊಟ್ಟಣವನ್ನು ಇಟ್ಟು ಬಿಸಿ ಮಾಡಿ, ಒಲೆಯ ಮೇಲೆ ಕುದಿಸಬೇಡಿ. ಮಗು ಬಾಯಿ ಹಾಕಿ ಉಳಿಸಿದ ಲೋಟದ ಹಾಲು ಎರಡು ಗಂಟೆಯ ಮೇಲೆ ಬೇಡ. ಕರಗಿದ ಹಾಲಿಗೆ ಸಾಬೂನಿನಂಥ ವಾಸನೆ ಬಂದರೆ ಹೆದರಬೇಡಿ, ಹಾಲಿನಲ್ಲಿರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಹಾಗಾಗುತ್ತದೆ. ಹುಳಿ ವಾಸನೆ ಬಂದರೆ ಮಾತ್ರ ಹಾಳಾಗಿದೆಯೆಂದು ತಿಳಿಯಿರಿ. ಕುಡಿಯಲು ಒಪ್ಪದ ಮಗು ಅದನ್ನೇ ಊಟದಲ್ಲಿ ತಿನ್ನುತ್ತದೆ. ರಾಗಿ ಮಣ್ಣಿಯನ್ನೋ ನೇಂದ್ರಕಾಯಿ ಪುಡಿಯ ಮಣ್ಣಿಯನ್ನೋ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ಉಗುರುಬೆಚ್ಚಗಾದ ಮೇಲೆ ಈ ಹಾಲು ಬೆರೆಸಿ ಸಡಿಲ ಮಾಡಿಕೊಡಿ. ಅಂಗನವಾಡಿಯಿಂದ ಸಿಗುವ ಅಮೃತಂ ಪುಡಿಗೂ ಹೀಗೆಯೇ ಬೆರೆಸಬಹುದು. ಇಪ್ಪತ್ತು ಪೊಟ್ಟಣವೆಂದರೆ ಇಪ್ಪತ್ತು ದಿನ. ನೀವು ಎರಡೂ ಪಂಪು ನಿಲ್ಲಿಸುವ ಹೊತ್ತಿಗೆ ಅದೂ ಮುಗಿಯುತ್ತದೆ. ಎದೆಹಾಲಿನ ಬದಲಿಗೆಂದು ಹಸುವಿನ ಹಾಲನ್ನೇ ಲೋಟಗಟ್ಟಲೆ ಸುರಿಯಬೇಡಿ. ಈ ವಯಸ್ಸಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಸಾಕು. ಹೆಚ್ಚಾದರೆ ಹೊಟ್ಟೆ ತುಂಬಿ ಊಟ ಸೇರದು, ಕಬ್ಬಿಣಾಂಶ ಇಳಿದು ರಕ್ತಹೀನತೆ ಬರುತ್ತದೆ. ಅವಧಿ ಮೀರಿದ ಪೊಟ್ಟಣಗಳು ಉಳಿದರೆ, ಚರಂಡಿಗೆ ಸುರಿಯಲು ಮನಸ್ಸಾಗದಿದ್ದರೆ, ಅಂಗಳದ ಮಲ್ಲಿಗೆ ಗಿಡದ ಬುಡಕ್ಕೆ ಎರೆಯಿರಿ.

ಹಾಲು ಕಡಿಮೆಯಾಗುತ್ತಾ ಬಂದಂತೆ ಅದರಲ್ಲಿ ಸೋಡಿಯಂ ಹೆಚ್ಚಿ ರುಚಿ ಉಪ್ಪುಪ್ಪಾಗುತ್ತದೆ. ಮಗ ಒಮ್ಮೆ ಬಾಯಿ ಹಾಕಿ ಮುಖ ತಿರುಗಿಸಿದರೆ ಅದು ನಿಮ್ಮ ಮೇಲಿನ ಮುನಿಸಲ್ಲ. ಇದೇ ದಿನಗಳಲ್ಲಿ ನಿಮಗೆ ಕಾರಣವಿಲ್ಲದೆ ಅಳು ಬರಬಹುದು, ನಿದ್ದೆ ಕೆಡಬಹುದು. ಹಾರ್ಮೋನುಗಳು ಇಳಿಯುವುದೂ ಇದಕ್ಕೆ ಒಂದು ಕಾರಣ, ನಿಧಾನವಾಗಿ ಬಿಡಿಸಿದವರಲ್ಲಿ ಇದು ಹಗುರ. ಎರಡು ವಾರ ದಾಟಿಯೂ ಮನಸ್ಸು ಮೇಲೇಳದಿದ್ದರೆ ವೈದ್ಯರನ್ನು ಕಾಣಿರಿ. ನಿಂತಿದ್ದ ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು ಎಂಬುದೂ ನೆನಪಿರಲಿ.

ಕೊನೆಯದಾಗಿ ಒಂದು ಮಾತು. ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಮುಂದುವರಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತರಬೇತಿ ಹದಿನೈದೇ ದಿನಗಳದ್ದಾದ್ದರಿಂದ, ಮಲಗುವಾಗಿನ ಒಂದು ಹೊತ್ತನ್ನು ಮಾತ್ರ ಉಳಿಸಿಕೊಂಡು, ಅಲ್ಲಿ ದಿನಕ್ಕೊಮ್ಮೆ ಕೈಯಿಂದ ಹಿಂಡುತ್ತಿದ್ದು, ಬಂದ ಮೇಲೆ ಮಗ ಕೇಳಿದರೆ ಕುಡಿಸುವ ದಾರಿಯೂ ನಿಮಗೆ ತೆರೆದಿದೆ. ಪೂರ್ತಿ ಬಿಡಿಸುವುದೇ ನಿಮ್ಮ ನಿರ್ಧಾರವಾದರೆ ಅದೂ ಸರಿಯೇ. 14 ತಿಂಗಳು ಕೊಟ್ಟವರು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಪ್ರಶ್ನೆ: ನನ್ನ ನಾದಿನಿಗೆ ಹಾಲು ಸಾಲುವುದಿಲ್ಲ, ಅವಳ ಮಗುವಿಗೆ ಎರಡು ತಿಂಗಳು. ನನ್ನ ಮಗಳು ಹಾಲು ಬಿಡುತ್ತಿದ್ದಾಳೆ, ನನ್ನಲ್ಲಿ ಬೇಕಾದಷ್ಟಿದೆ. ಹಿಂಡಿ ಕೊಡಬಹುದೇ? ಹಾಲಿನ ಬ್ಯಾಂಕು ಎಂದು ಕೇಳಿದ್ದೇನೆ, ಅದು ನಮ್ಮ ಕಡೆ ಇದೆಯೇ?
– ಓದುಗರು, ಮುಳ್ಳೇರಿಯ

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೆ ನೇರವಾಗಿ ಕೊಡಬೇಡಿ. ಎಚ್‌ಐವಿಯಂಥ ಕೆಲವು ಸೋಂಕುಗಳು ಹಾಲಿನ ಮೂಲಕ ದಾಟಬಲ್ಲವು. ನೀವು ಸೇವಿಸುವ ಔಷಧಿಯೂ ಹಾಲಿಗೆ ಇಳಿಯಬಹುದು. ಎರಡು ತಿಂಗಳ ಕೂಸಿಗೆ ಈ ಅಪಾಯವನ್ನು ಒಡ್ಡಬಾರದು. ಮೊದಲು ನಾದಿನಿಗೆ ಹಾಲು ನಿಜವಾಗಿಯೂ ಸಾಲುತ್ತಿಲ್ಲವೇ ಎಂದು ನೋಡಬೇಕು. ಮಗು ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡುತ್ತಾ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಸಾಲದಿದ್ದರೆ ಅವಳು ಮಗುವನ್ನು ಹಿಡಿಯುವ ಕ್ರಮವನ್ನು ತಿದ್ದಿ ಹೆಚ್ಚು ಸಲ ಕುಡಿಸುವುದರಿಂದ ಅವಳದೇ ಹಾಲು ಏರುತ್ತದೆ. ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಅಥವಾ ಆಶಾ ಕಾರ್ಯಕರ್ತೆ ಮನೆಗೇ ಬಂದು ತೋರಿಸಿಕೊಡಬಲ್ಲರು.

ಹಾಲಿನ ಬ್ಯಾಂಕು ಇದೆ. ನಮ್ಮ ದೇಶದ ಮೊದಲನೆಯದು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಕೇರಳದ ಮೊದಲನೆಯದು 2021ರಲ್ಲಿ ಎರ್ನಾಕುಳಂ ಜನರಲ್ ಆಸ್ಪತ್ರೆಯಲ್ಲಿ. ಕಾಸರಗೋಡಿನವರಿಗೆ ಹತ್ತಿರವಾಗುವುದು ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯದು. ದಾನಿಯ ರಕ್ತಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಪಾಶ್ಚರೀಕರಿಸಿ, ಮತ್ತೆ ಪರೀಕ್ಷಿಸಿ, ಮುಖ್ಯವಾಗಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡುತ್ತಾರೆ. ನಿಮ್ಮ ಮಗಳ ವಯಸ್ಸು ನೀವು ಬರೆದಿಲ್ಲ. ಮಗು ದೊಡ್ಡದಾದ ತಾಯಂದಿರ ಹಾಲನ್ನೂ ಮನೆಯಲ್ಲಿ ಹಿಂಡಿಟ್ಟದ್ದನ್ನೂ ಎಲ್ಲ ಬ್ಯಾಂಕುಗಳು ಸ್ವೀಕರಿಸುವುದಿಲ್ಲವಾದ್ದರಿಂದ, ಹೊರಡುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ದಾನಕ್ಕೆಂದು ಹೆಚ್ಚು ಹಿಂಡುತ್ತಾ ಹೋದರೆ ನಿಮ್ಮ ಹಾಲು ಬತ್ತುವುದು ಮುಂದಕ್ಕೆ ಹೋಗುತ್ತದೆ ಎಂಬುದೂ ಗಮನದಲ್ಲಿರಲಿ. ಹಣ ಕೊಟ್ಟು ಎದೆಹಾಲು ಕೊಳ್ಳುತ್ತೇವೆ ಎಂದು ಯಾರಾದರೂ ಬಂದರೆ ಒಪ್ಪಬೇಡಿ. ಮಾನವ ಹಾಲಿನ ಮಾರಾಟಕ್ಕೆ ಅನುಮತಿಯಿಲ್ಲವೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ.

ಪ್ರಶ್ನೆ: ಮಗಳಿಗೆ ಹಾಲು ಬಿಡಿಸಿ ಎಂಟು ತಿಂಗಳಾಯಿತು. ಸ್ನಾನ ಮಾಡುವಾಗ ಒತ್ತಿ ನೋಡಿದರೆ ಈಗಲೂ ಎರಡೂ ಕಡೆ ಹಾಲು ಬರುತ್ತದೆ. ಇದು ಸಹಜವೇ?
– ಒಬ್ಬ ತಾಯಿ, ಮಂಜೇಶ್ವರ

ಉತ್ತರ: ಬಿಡಿಸಿದ ಮೇಲೆ ಕೆಲವು ವಾರ, ಕೆಲವರಲ್ಲಿ ಕೆಲವು ತಿಂಗಳು, ಒತ್ತಿದರೆ ಒಂದೆರಡು ಹನಿ ಕಾಣುವುದು ಸಹಜ. ದಿನವೂ ಒತ್ತಿ ನೋಡುವುದೇ ಅದು ನಿಲ್ಲದಿರಲು ಕಾರಣವಾಗುವುದುಂಟು. ಆ ಅಭ್ಯಾಸವನ್ನು ಇಂದೇ ಬಿಡಿ. ಆದರೆ ಆರು ತಿಂಗಳು ದಾಟಿದ್ದರಿಂದ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಮತ್ತು ಥೈರಾಯ್ಡ್ ನೋಡುತ್ತಾರೆ, ಗರ್ಭಿಣಿಯಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಗ್ಯಾಸಿಗೆಂದು ನೀವು ಏನಾದರೂ ಮಾತ್ರೆ ನುಂಗುತ್ತಿದ್ದರೆ ಅದರ ಪಟ್ಟಿಯನ್ನು ವೈದ್ಯರ ಬಳಿಗೆ ತಪ್ಪದೆ ಒಯ್ಯಿರಿ. ಡೊಂಪೆರಿಡೋನ್, ಲೆವೊಸಲ್ಪಿರೈಡ್ ಬೆರೆತ ಗ್ಯಾಸಿನ ಮಾತ್ರೆಗಳು ಪ್ರೊಲ್ಯಾಕ್ಟಿನ್ ಏರಿಸಿ ಹಾಲು ತರಿಸುತ್ತವೆ, ಮಾತ್ರೆ ನಿಲ್ಲಿಸಿದರೆ ಹಾಲೂ ನಿಲ್ಲುತ್ತದೆ. ಮುಟ್ಟು ತಪ್ಪಿದ್ದರೆ, ತಲೆನೋವಿನ ಜೊತೆ ದೃಷ್ಟಿ ಮಸುಕಾಗುತ್ತಿದ್ದರೆ, ಒಂದೇ ಎದೆಯಿಂದ ರಕ್ತ ಬೆರೆತ ಸ್ರಾವ ತಾನಾಗಿ ಬರುತ್ತಿದ್ದರೆ ಅಥವಾ ಕೈಗೆ ಗಡ್ಡೆ ಸಿಗುತ್ತಿದ್ದರೆ ಈ ವಾರವೇ ಹೋಗಿ ತೋರಿಸಿ.